110 ಡಾಲರ್ ಪಿಸ್ತೂಲಿಗೆ 255 ಡಾಲರ್ ಸುರಿಯಬೇಕಾ?

ಬೆಣ್ಣೆದೋಸೆ (ಡೇಟನ್, ಒಹಾಯೋ)

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡಿದ್ದೆ. ಮೊದಲ ಸಲ ಬರೆಯುತ್ತಿದ್ದೇನೆ. ಬೈಯುವುದಾದರೆ ಮೆಲ್ಲಗೆ ಬೈಯಿರಿ.

ಹೋದ ವರ್ಷ ಗ್ರೀನ್ ಕಾರ್ಡ್ ಬಂತು. ಆಫೀಸಿನ ಗೆಳೆಯರ ಜೊತೆ ಗುಂಡು ಹೊಡೆಯುವ ರೇಂಜಿಗೆ ಹೋಗಿ ಹೋಗಿ ರುಚಿ ಹತ್ತಿತ್ತು. ಬಾಡಿಗೆ ಪಿಸ್ತೂಲಲ್ಲೇ ಎಷ್ಟು ದಿನ ಅಂತ ಒಂದು ಗಿರವಿ ಅಂಗಡಿಗೆ ಹೋದೆ. ಅಲ್ಲಿ 110 ಡಾಲರ್‌ಗೆ ಒಂದು .380 ಪಿಸ್ತೂಲು (.380 ಅನ್ನುವುದು ಗುಂಡಿನ ಅಳತೆ) ಸಿಕ್ಕಿತು. ತೊಂಬತ್ತರ ದಶಕದ ಮಾಲು, ಕ್ಯಾಲಿಫೋರ್ನಿಯಾದಲ್ಲಿ ತಯಾರಾದದ್ದು. ಕಂಪನಿ ಹೆಸರು ಬೇಡ. ಕೈಗೆ ತೂಕವಾಗಿತ್ತು. ತೂಕ ಇದ್ದರೆ ಗಟ್ಟಿ ಅಂದುಕೊಳ್ಳುವ ಬುದ್ಧಿ ನನ್ನದು. ಪಾತ್ರೆ ಅಂಗಡಿಯಲ್ಲಿ ಅಮ್ಮ ಕಲಿಸಿದ್ದು.

ಈಗ ಕಥೆ ಹೀಗಿದೆ. ಎರಡು ಮ್ಯಾಗಝಿನ್ (ಹಿಡಿಯೊಳಗೆ ಕೂರುವ ಗುಂಡಿನ ಗೂಡು) ಹೊಡೆದರೆ ಒಂದು ಸಲವಾದರೂ ಖಾಲಿ ಕೇಸ್ ಹೊರಗೆ ಬರದೆ ಸ್ಲೈಡಿನ (ಮೇಲೆ ಹಿಂದೆ ಮುಂದೆ ಜಾರುವ ಭಾಗ) ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ. ಟ್ರಿಗರ್ ಎಳೆದರೆ ಮರಳಲ್ಲಿ ಕಾಲೆಳೆದ ಹಾಗೆ. ಗುರಿ ಹಿಡಿಯಲು ಸೈಟ್ ಅಂತ ಇರುವುದು ಸ್ಲೈಡಿನ ಮೇಲೇ ಎರಕ ಹೊಯ್ದ ಎರಡು ಉಬ್ಬು. ಏಳು ಗಜ ದೂರದ ಕಾಗದದಲ್ಲಿ ನನ್ನ ಗುಂಡುಗಳು ಊರಿಗೊಂದು ದಾರಿ ಹಿಡಿಯುತ್ತವೆ.

ಕೂತು ಲೆಕ್ಕ ಹಾಕಿದೆ. ಸ್ಪ್ರಿಂಗು, ಫೈರಿಂಗ್ ಪಿನ್ (ತೋಟೆಯ ಹಿಂಬದಿಗೆ ಬಡಿಯುವ ಮೊಳೆ) 25. ಹೊಸ ಮ್ಯಾಗಝಿನ್ ಎರಡು, 50. ರಬ್ಬರ್ ಗ್ರಿಪ್ 30. ಗನ್‌ಸ್ಮಿತ್ (ಬಂದೂಕು ರಿಪೇರಿಯವನು) ಹತ್ತಿರ ಪಾಲಿಶ್, ಟ್ರಿಗರ್ ಕೆಲಸ 90. ಸರಿಯಾದ ಸೈಟ್ ಕೂರಿಸಲು 60. ಒಟ್ಟು 255 ಡಾಲರ್. ನನ್ನ ಹೆಂಡತಿ ಚೀಟಿ ನೋಡಿ "ಮೂಗಿಗಿಂತ ಮೂಗುತಿ ಭಾರ" ಅಂದಳು. ಆದರೆ ಕೊಂಡಿದ್ದಾಗಿದೆಯಲ್ಲ. ಸರಿ ಮಾಡಿಕೊಂಡರೆ ಆಗಲ್ವಾ?

ಸುಮ್ನೆ ಓದೋನು (ಡಲ್ಲಾಸ್)

ಅತ್ತಿಗೆ ಹೇಳಿದ್ದು ಸರಿ. ಮುಗೀತು. ಇನ್ನು ಕ್ರಿಕೆಟ್ ಮಾತಾಡೋಣ.

ಲೇತ್ ಮಂಜ (ಮಿಷಿಗನ್)

ಓದೋನು, ಸ್ವಲ್ಪ ತಾಳು ಮಾರಾಯ. ಇದರಲ್ಲಿ ವಿಷಯ ಇದೆ.

ಬೆಣ್ಣೆದೋಸೆ ಅವರೇ, ನಾನು ಅಮೆರಿಕಕ್ಕೆ ಬರುವ ಮೊದಲು ಪೀಣ್ಯದಲ್ಲಿ ಏಳು ವರ್ಷ ಡೈ ಕಾಸ್ಟಿಂಗ್ ಕೆಲಸ ಮಾಡಿದವನು. ಸತುವಿನ ಎರಕ. ಬಾಗಿಲ ಹಿಡಿ, ಕಾರ್ಬ್ಯುರೇಟರ್ ಬಾಡಿ, ಬೀಗದ ಮೈ. ನಿಮ್ಮ ಪಿಸ್ತೂಲಿನ ಸ್ಲೈಡು, ಅದರ ಕೆಳಗಿನ ಮೈ ಅಂದರೆ ಫ್ರೇಮು, ಎರಡೂ ಅದೇ ಜಾತಿಯ ಲೋಹ. ಹೆಸರು ಝಮಾಕ್. ಸತು, ಅಲ್ಯೂಮಿನಿಯಂ, ಮೆಗ್ನೀಸಿಯಂ, ತಾಮ್ರ. ಈ ನಾಲ್ಕರ ಜರ್ಮನ್ ಹೆಸರುಗಳ ಮೊದಲಕ್ಷರ ಸೇರಿಸಿ ಮಾಡಿದ ಹೆಸರು. ಸುಮಾರು 385 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಅಚ್ಚಿಗೆ ಒತ್ತಿದರೆ ಕೆಲವೇ ಸೆಕೆಂಡಿಗೆ ಒಂದು ಸ್ಲೈಡ್ ರೆಡಿ. ಆಮೇಲೆ ಮಿಲ್ಲಿಂಗ್ ಕೆಲಸವೂ ಹೆಚ್ಚು ಬೇಡ. ಅಗ್ಗವಾಗಿರುವುದರ ಗುಟ್ಟೇ ಅದು. ಉಕ್ಕಿನ ಸ್ಲೈಡಾದರೆ ಗಟ್ಟಿಯಿಂದ ಕಡೆದು ತೆಗೆಯಬೇಕು, ಕಾಯಿಸಿ ಹದ ಮಾಡಬೇಕು.

ಝಮಾಕ್ ಕೆಟ್ಟ ಲೋಹ ಅಂತ ನಾನು ಹೇಳುವುದಿಲ್ಲ. ಅನ್ನ ಹಾಕಿದ್ದು ಅದೇ. ಆದರೆ ಹದ ಮಾಡಿದ ಉಕ್ಕಿಗೆ ಇದರ ಮೂರು ಪಟ್ಟಿಗಿಂತ ಜಾಸ್ತಿ ಶಕ್ತಿ ಇರುತ್ತದೆ. ಇನ್ನೊಂದು ಗುಣ ಇದೆ. ಸತು ಸದಾ ಒತ್ತಡದಲ್ಲಿದ್ದರೆ ನಿಧಾನವಾಗಿ ಜರುಗುತ್ತದೆ. ಮೊಳೆಗೆ ನೇತುಹಾಕಿದ ಮೇಣದ ಬೊಂಬೆ ನೆನೆಸಿಕೊಳ್ಳಿ, ಅಷ್ಟು ಬೇಗ ಅಲ್ಲ, ಆದರೆ ಜಾತಿ ಅದೇ. ಮೂವತ್ತು ವರ್ಷ ಸ್ಪ್ರಿಂಗಿನ ಒತ್ತಡ ತಿಂದ ತೂತು ಮೊದಲಿನ ಅಳತೆಯಲ್ಲೇ ಇರುತ್ತದೆ ಅಂತ ನಾನು ನಂಬುವುದಿಲ್ಲ.

ಈಗ ನಿಮ್ಮ ಚೀಟಿಗೆ ಬರೋಣ. ನಿಮ್ಮದು ಬ್ಲೋಬ್ಯಾಕ್ ಪಿಸ್ತೂಲು. ಗುಂಡು ಹಾರಿದಾಗ ಕೇಸ್ ಹಿಂದಕ್ಕೆ ಒದೆಯುತ್ತದೆ. ಅದನ್ನು ತಡೆಯಲು ಯಾವ ಚಿಲಕವೂ ಇಲ್ಲ. ಸ್ಲೈಡಿನ ತೂಕ, ಸ್ಪ್ರಿಂಗಿನ ಬಿಗಿ, ಅಷ್ಟೇ. ನಿಮಗೆ ಗಟ್ಟಿತನ ಅನಿಸಿದ ತೂಕ ಅದೇ. ಅದು ಗಟ್ಟಿತನ ಅಲ್ಲ, ಚಿಲಕದ ಬದಲಿಗೆ ಇಟ್ಟ ಕಲ್ಲು. ಹಾಗಾಗಿ ಸ್ಪ್ರಿಂಗನ್ನು ಮನಸ್ಸಿಗೆ ಬಂದಷ್ಟು ಬಿಗಿ ಮಾಡಿದರೆ ಸ್ಲೈಡ್ ಪೂರ್ತಿ ಹಿಂದಕ್ಕೆ ಹೋಗುವುದಿಲ್ಲ, ಕೇಸ್ ಇನ್ನೂ ಜಾಸ್ತಿ ಸಿಕ್ಕಿಕೊಳ್ಳುತ್ತದೆ. ಸಡಿಲ ಮಾಡಿದರೆ ಸ್ಲೈಡ್ ಹೋಗಿ ಫ್ರೇಮಿಗೆ ಗುದ್ದುತ್ತದೆ. ಗುದ್ದು ತಿನ್ನುವುದು ಸತು.

ಕಂಪನಿ ಅಳತೆಯ ಹೊಸ ಸ್ಪ್ರಿಂಗು ಹಾಕಿ. ತಪ್ಪಿಲ್ಲ, ಅದು ಸವೆಯುವ ವಸ್ತು. ಮ್ಯಾಗಝಿನ್ ಒಂದು ತಗೊಳ್ಳಿ, ಎರಡಲ್ಲ. ಗ್ರಿಪ್ ಬಿಡಿ. ಸೈಟ್ ಕೂರಿಸಲು ಸ್ಲೈಡಿನಲ್ಲಿ ತೋಡು ಕಡೆಯಬೇಕು. ಮೊದಲೇ ಬಡಕಲು ಸ್ಲೈಡು, ಅದರಲ್ಲೂ ಲೋಹ ತೆಗೆಯುವುದು ಯಾಕೆ? ಬೇಕಾದರೆ ಹೆಂಡತಿಯ ನೇಲ್ ಪಾಲಿಶ್ ಕೇಳಿ. ಮುಂದಿನ ಉಬ್ಬಿಗೆ ಒಂದು ಚುಕ್ಕೆ ಇಟ್ಟರೆ ಕಣ್ಣಿಗೆ ಸಿಗುತ್ತದೆ. ಖರ್ಚು ಸೊನ್ನೆ.

ಟ್ರಿಗರ್ ಪಾಲಿಶ್ ಬಗ್ಗೆ ಮಾತ್ರ ಕೈಮುಗಿದು ಹೇಳುತ್ತೇನೆ, ಬೇಡ. ಅದು ಮೆತ್ತನೆ ಭಾಗ. ಅರ ಎರಡು ಸಲ ಜಾಸ್ತಿ ಆಡಿದರೆ ಟ್ರಿಗರ್ ಹಗುರ ಆಗುವುದಿಲ್ಲ, ಹಿಡಿತವೇ ತಪ್ಪುತ್ತದೆ.

ಕಾಸಿಗೆ ತಕ್ಕ (ಇಂಡಿಯಾನಾ)

ಮಂಜಣ್ಣ ಹೇಳಿದ್ದಕ್ಕೆ ಒಪ್ಪುತ್ತೇನೆ, ಆದರೆ ಅಗ್ಗದ್ದೆಲ್ಲ ಕಸ ಅನ್ನಬೇಡಿ. ನನ್ನ ಹತ್ತಿರ ಹೈ ಪಾಯಿಂಟ್ ಕಂಪನಿಯ ಸಿ9 ಪಿಸ್ತೂಲು ಇದೆ. ಅದರ ಸ್ಲೈಡೂ ಝಮಾಕೇ. ಅದೂ ಬ್ಲೋಬ್ಯಾಕೇ. ಒಹಾಯೋದ ಮ್ಯಾನ್ಸ್‌ಫೀಲ್ಡ್‌ನಲ್ಲಿ ತಯಾರಾಗುತ್ತದೆ, ಬೆಣ್ಣೆದೋಸೆ ಅವರ ಮನೆಯಿಂದ ಕಾರಲ್ಲಿ ಹೋಗಿ ಬರುವಷ್ಟು ದೂರ. ನೋಡಲು ಇಟ್ಟಿಗೆ. ತೂಕ ಸುಮಾರು 820 ಗ್ರಾಂ. ಗ್ಲಾಕ್ 17 ಪಿಸ್ತೂಲು ಖಾಲಿ ಇದ್ದಾಗ 630ರ ಆಸುಪಾಸು. ಅದರಲ್ಲಿ ಹಿಡಿಸುವುದು 17 ಗುಂಡು, ನನ್ನದರಲ್ಲಿ 8. ಬಿಚ್ಚಿ ಒರೆಸಬೇಕಾದರೆ ಸುತ್ತಿಗೆ, ಪಂಚು ಹಿಡಿದು ಪಿನ್ ಹೊಡೆಯಬೇಕು. ಖಾಲಿ ಕೇಸನ್ನು ಹೊರಗೆ ಎಸೆಯುವ ಕೆಲಸವನ್ನೂ ಫೈರಿಂಗ್ ಪಿನ್ನೇ ಮಾಡುತ್ತದೆ. ಒಂದೇ ಆಳು ಅಡುಗೆಯನ್ನೂ ಮಾಡಿ ಬಡಿಸುವ ಹಾಗೆ. ಜಿಪುಣತನ ಅನ್ನಿ, ಜಾಣತನ ಅನ್ನಿ.

ಆದರೂ ನನ್ನದು ಓಡುತ್ತದೆ. ಎರಡು ಸಾವಿರ ಗುಂಡು ದಾಟಿದೆ. ಈ ಜಾತಿಯಲ್ಲಿ ಸಿಕ್ಕಿಕೊಳ್ಳುವ ಕಾಯಿಲೆಗೆ ಬಹಳ ಸಲ ಕಾರಣ ಮ್ಯಾಗಝಿನ್ ತುಟಿ. ಆ ತಗಡಿನ ತುಟಿ ಕೂದಲೆಳೆಯಷ್ಟು ಬಾಗಿದ್ದರೂ ಗುಂಡು ತಪ್ಪು ಕೋನದಲ್ಲಿ ಏಳುತ್ತದೆ. ಮತ್ತೆ ಜೀವಮಾನದ ವಾರಂಟಿ. ಎರಡನೇ ಕೈ, ಮೂರನೇ ಕೈ ಆಗಿದ್ದರೂ ಕಂಪನಿಗೆ ಕಳಿಸಿದರೆ ಸರಿ ಮಾಡಿ ಕೊಡುತ್ತಾರೆ. 2019ರಲ್ಲಿ ಹೊಸ ಮಾದರಿಗೆ ಹೆಸರಿಡಿ ಅಂತ ಜನರನ್ನು ಕೇಳಿದ್ದರು. ಜನ ಸೇರಿಕೊಂಡು "ಯೀಟ್ ಕ್ಯಾನನ್" ಅಂತ ತಮಾಷೆಯ ಹೆಸರಿಗೆ ಓಟು ಒತ್ತಿದರು. ಕೊನೆಗೆ ಕಂಪನಿ ಅದನ್ನೇ ಇಟ್ಟಿತು. ತನ್ನನ್ನು ತಾನೇ ನೋಡಿ ನಗುವವರ ಹತ್ತಿರ ನನಗೆ ಸ್ವಲ್ಪ ನಂಬಿಕೆ ಜಾಸ್ತಿ.

ಅದಕ್ಕೆ ನಾನು ಹಾಕಿದ ಹೆಚ್ಚುವರಿ ಖರ್ಚು ಎಷ್ಟು ಗೊತ್ತಾ? ಒಂದು ಮ್ಯಾಗಝಿನ್. ಮಿಕ್ಕ ದುಡ್ಡೆಲ್ಲ ಗುಂಡಿಗೆ.

ಹಳೇ ಫೈಲು (ಶಿಕಾಗೋ)

ನಮ್ಮ ಇಲಿನಾಯ್‌ನಲ್ಲಿ ಈ ಎರಡು ಪಿಸ್ತೂಲನ್ನೂ ಅಂಗಡಿಯವರು ಮಾರುವಂತಿಲ್ಲ. 800 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆ ಶಾಖಕ್ಕೆ ಕರಗುವ ಸತುವಿನ ಎರಕದ ಕೈಬಂದೂಕು ಮಾರಬಾರದು ಅಂತ ಕಾನೂನಿದೆ. ಮಂಜಣ್ಣ ಹೇಳಿದ 385 ಸೆಲ್ಸಿಯಸ್ ಅಂದರೆ ಸುಮಾರು 725 ಫ್ಯಾರನ್‌ಹೀಟ್. ಲೆಕ್ಕ ಅಲ್ಲೇ ಮುಗಿಯಿತು. ಕರಗುವ ಶಾಖ ನೋಡಿ ಬಂದೂಕು ನಿಷೇಧಿಸುವುದು ವಿಚಿತ್ರ ಅನಿಸುತ್ತದೆ. ಆದರೆ ಅದರ ಹಿಂದೆ ಒಂದು ಕಥೆ ಇದೆ.

1968ರಲ್ಲಿ ಅಮೆರಿಕದಲ್ಲಿ ಗನ್ ಕಂಟ್ರೋಲ್ ಆಕ್ಟ್ ಬಂತು. ಯುರೋಪಿನಿಂದ ಬರುತ್ತಿದ್ದ ಅಗ್ಗದ ಪುಟ್ಟ ರಿವಾಲ್ವರ್, ಪಿಸ್ತೂಲುಗಳಿಗೆ ತಡೆ ಬಿತ್ತು. ಆಟಕ್ಕೆ, ಬೇಟೆಗೆ ಯೋಗ್ಯವಾದದ್ದಷ್ಟೇ ಒಳಗೆ ಬರಬೇಕು ಅಂತ ಅಂಕ ಹಾಕುವ ಪದ್ಧತಿ ತಂದರು. ತಮಾಷೆ ಏನೆಂದರೆ ಆ ಪರೀಕ್ಷೆ ಹೊರಗಿನಿಂದ ಬರುವ ಮಾಲಿಗೆ ಮಾತ್ರ. ದೇಶದೊಳಗೆ ಮಾಡಿದರೆ ಕೇಳುವವರಿಲ್ಲ. 1970ರಲ್ಲಿ ಜಾರ್ಜ್ ಜೆನ್ನಿಂಗ್ಸ್ ಅನ್ನುವವರು ಲಾಸ್ ಏಂಜಲೀಸ್ ಹತ್ತಿರ ರೇವನ್ ಆರ್ಮ್ಸ್ ಶುರು ಮಾಡಿದರು. ಸತುವಿನ ಎರಕದ .25 ಪಿಸ್ತೂಲು. ಆಮೇಲೆ ಮಗ, ಅಳಿಯ, ಸ್ನೇಹಿತ ಅಂತ ಸುತ್ತಮುತ್ತ ಒಂದೊಂದೇ ಕಾರ್ಖಾನೆ ಎದ್ದಿತು. ಬ್ರೈಕೋ, ಡೇವಿಸ್, ಲಾರ್ಸಿನ್. ನಗರದ ಸುತ್ತ ಇದ್ದ ಈ ಗುಂಪಿಗೆ "ಬೆಂಕಿಯ ಬಳೆ" ಅಂತಲೇ ಹೆಸರು ಬಿತ್ತು. 1993ರಲ್ಲಿ ಲಾರ್ಸಿನ್ ಒಂದೇ ಮೂರು ಲಕ್ಷಕ್ಕೂ ಜಾಸ್ತಿ ಪಿಸ್ತೂಲು ಮಾಡಿತ್ತು. ದೊಡ್ಡ ದೊಡ್ಡ ಹೆಸರಿನವರನ್ನು ಹಿಂದೆ ಹಾಕಿತ್ತು. 1999ರ ಹೊತ್ತಿಗೆ ಬಾಗಿಲು ಹಾಕಿತು.

ಇದರಲ್ಲಿ ಒಂದು ಕೇಸು ನಾನು ಮರೆಯುವುದಿಲ್ಲ. 1994ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಏಳು ವರ್ಷದ ಹುಡುಗನಿಗೆ ಬ್ರೈಕೋ .380ಯಿಂದ ಗುಂಡು ತಗುಲಿತು. ಮನೆಯಲ್ಲಿದ್ದವರೊಬ್ಬರು ಪಿಸ್ತೂಲನ್ನು ಖಾಲಿ ಮಾಡಲು ಹೋಗಿದ್ದರು. ಆ ಮಾದರಿಯಲ್ಲಿ ಸ್ಲೈಡ್ ಹಿಂದಕ್ಕೆ ಎಳೆಯಬೇಕಾದರೆ ಮೊದಲು ಸೇಫ್ಟಿ (ಗುಂಡು ಹಾರದಂತೆ ತಡೆಯುವ ಕೀಲಿ) ತೆಗೆಯಲೇಬೇಕಿತ್ತು. ಅಂದರೆ ಗುಂಡು ಹಾರದಿರಲಿ ಅಂತ ಮಾಡುವ ಕೆಲಸಕ್ಕೆ ಗುಂಡು ಹಾರುವ ಸ್ಥಿತಿಗೆ ತರಬೇಕು. ಹುಡುಗನ ಕೈಕಾಲು ಸ್ವಾಧೀನ ತಪ್ಪಿತು. 2003ರಲ್ಲಿ ಜ್ಯೂರಿ ತೀರ್ಪು ಕೊಟ್ಟಿತು. ಪರಿಹಾರದಲ್ಲಿ ಕಂಪನಿ ಮತ್ತು ಅದರ ಜೊತೆಯವರು ಕಟ್ಟಬೇಕಾದ ಪಾಲು ಸುಮಾರು 24 ಮಿಲಿಯನ್ ಡಾಲರ್. ಕಂಪನಿ ದಿವಾಳಿ ಅರ್ಜಿ ಹಾಕಿತು. 2004ರಲ್ಲಿ ಹರಾಜಾದಾಗ ಆ ಹುಡುಗನ ಕಡೆಯವರೇ ಚಂದಾ ಎತ್ತಿ ಕೂಗಲು ಹೋದರು. ಗೆದ್ದರೆ ಉಳಿದ ಪಿಸ್ತೂಲನ್ನೆಲ್ಲ ಕರಗಿಸಬೇಕು ಅಂತ. ಐದು ಲಕ್ಷ ಡಾಲರ್ ದಾಟುವವರೆಗೂ ಕೂಗಿದರು. ಕೊನೆಗೆ ಅದೇ ಕಾರ್ಖಾನೆಯ ಹಳೇ ಫೋರ್‌ಮನ್ ಪಾಲಾಯಿತು.

ಬೆಣ್ಣೆದೋಸೆ ಅವರೇ, ನಿಮ್ಮದು ಯಾವ ಕಂಪನಿ ಅಂತ ನಾನು ಕೇಳುವುದಿಲ್ಲ. ಒಂದೇ ಪ್ರಶ್ನೆ. ನಿಮ್ಮದರಲ್ಲಿ ಸೇಫ್ಟಿ ಹಾಕಿದಾಗ ಸ್ಲೈಡ್ ಎಳೆಯಲು ಬರುತ್ತದಾ?

ಬೆಣ್ಣೆದೋಸೆ (ಡೇಟನ್, ಒಹಾಯೋ)

ಬರುವುದಿಲ್ಲ ಸರ್.

ಇದನ್ನು ಬರೆಯುವ ಮೊದಲು ಮೂರು ಸಲ ನೋಡಿದೆ. ಇಷ್ಟು ದಿನ ಅದು ತೊಂದರೆ ಅಂತಲೇ ಅನಿಸಿರಲಿಲ್ಲ. "ಹಾಗೇ ಇರುತ್ತದೇನೋ" ಅಂದುಕೊಂಡಿದ್ದೆ. ನನ್ನ ಮಗಳಿಗೆ ಆರು ವರ್ಷ. ಈಗ ಪಿಸ್ತೂಲು, ಗುಂಡು ಎರಡನ್ನೂ ಬೇರೆ ಬೇರೆ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟು ಬಂದು ಬರೆಯುತ್ತಿದ್ದೇನೆ. ಮೊದಲು ಒಂದೇ ಪೆಟ್ಟಿಗೆಯಲ್ಲಿತ್ತು.

ರೇಂಜ್ ಅಕ್ಕ (ಹ್ಯೂಸ್ಟನ್)

ಒಳ್ಳೆಯದು ಮಾಡಿದಿರಿ ತಮ್ಮಾ. ನಾನು ಇಲ್ಲಿ ವಾರಕ್ಕೆರಡು ದಿನ ಹೊಸಬರಿಗೆ ಪಾಠ ಮಾಡುತ್ತೇನೆ. ಅರ್ಧ ಜನ ಮೊದಲ ದಿನವೇ ಕೇಳುವುದು "ಮೇಡಂ, ಇದಕ್ಕೆ ಏನು ಹಾಕಿಸಲಿ?" ಅಂತ. ಒಬ್ಬರೂ "ಇದಕ್ಕೆ ಎಷ್ಟು ಗುಂಡು ಹಾಕಿ ನೋಡಲಿ?" ಅಂತ ಕೇಳುವುದಿಲ್ಲ.

ಹಳೇ ಫೈಲು ಇತಿಹಾಸ ಹೇಳಿದರು. ನಾನು ಅದರ ಮುಂದಿನ ಭಾಗ ಹೇಳುತ್ತೇನೆ. ಆ ಕಾರ್ಖಾನೆಗಳ ಕಾಟಕ್ಕೆ ಕ್ಯಾಲಿಫೋರ್ನಿಯಾ 1999ರಲ್ಲಿ ಕಾನೂನು ಮಾಡಿತು, 2001ರ ಜನವರಿಯಿಂದ ಜಾರಿಗೆ ಬಂತು. ಕೈಬಂದೂಕು ಮಾರಬೇಕಾದರೆ ಪರೀಕ್ಷೆ ಪಾಸಾಗಬೇಕು. ಒಂದು, ಸುಮಾರು ಒಂದು ಮೀಟರ್ ಎತ್ತರದಿಂದ ಕಾಂಕ್ರೀಟ್ ಮೇಲೆ ಬೇರೆ ಬೇರೆ ಬದಿಯಾಗಿ ಬೀಳಿಸುತ್ತಾರೆ. ಹಾರಬಾರದು. ಎರಡು, 600 ಗುಂಡು ಹೊಡೆಯುತ್ತಾರೆ. ಆರಕ್ಕಿಂತ ಜಾಸ್ತಿ ಸಲ ಸಿಕ್ಕಿಕೊಳ್ಳಬಾರದು. ಎಲ್ಲೂ ಬಿರುಕು ಬಿಡಬಾರದು. ಆ ಕಾನೂನಿಗೆ ಆಮೇಲೆ ಸೇರಿಸಿದ ಷರತ್ತುಗಳ ಬಗ್ಗೆ ಬೇಕಾದಷ್ಟು ಜಗಳ ಇದೆ, ಅದು ಬೇಡ. ಆದರೆ ಈ ಎರಡು ಪರೀಕ್ಷೆ ನನಗೆ ಇಷ್ಟ.

ಬೀಳಿಸುವ ಪರೀಕ್ಷೆ ಮನೆಯಲ್ಲಿ ಮಾಡಬೇಡಿ, ದೇವರಾಣೆ. ಆದರೆ 600ರ ಲೆಕ್ಕ ನೀವೇ ಇಡಬಹುದು. ಒಂದು ನೋಟ್‌ಬುಕ್ಕು, ಒಂದು ಪೆನ್ನು. ನಿಮ್ಮದು ಎರಡು ಮ್ಯಾಗಝಿನ್‌ಗೆ ಒಂದು ಸಲ ಸಿಕ್ಕಿಕೊಳ್ಳುತ್ತದೆ ಅಂದಿರಿ. ಏಳರ ಮ್ಯಾಗಝಿನ್ ಆದರೆ 14ಕ್ಕೆ ಒಂದು. 600ಕ್ಕೆ ನಲವತ್ತರ ಮೇಲೆ. ಆರು ಎಲ್ಲಿ, ನಲವತ್ತು ಎಲ್ಲಿ! ನಮ್ಮ ಕಡೆ .380ಯ 50ರ ಡಬ್ಬಿ 20 ಡಾಲರ್‌ಗೆ ಸಿಗುತ್ತದೆ, 9 ಎಂಎಂಗಿಂತ ದುಬಾರಿ. 600 ಗುಂಡಿಗೆ 240 ಡಾಲರ್. ನಿಮ್ಮ ಚೀಟಿಯ ದುಡ್ಡೇ ಆಯಿತು ನೋಡಿ. ಆ ದುಡ್ಡಿಗೆ ನಿಮ್ಮ ಕೈಯಾದರೂ ಪಳಗುತ್ತದೆ. ಗುಂಡುಗಳು ಊರಿಗೊಂದು ದಾರಿ ಹಿಡಿಯುವುದಕ್ಕೆ ಪಿಸ್ತೂಲು ಒಂದೇ ಕಾರಣ ಅಂತ ನಾನು ಒಪ್ಪುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ಇನ್ನೊಂದು ಮಾತು. ದುಬಾರಿ ಕೊಟ್ಟ ಮಾತ್ರಕ್ಕೆ ಎಲ್ಲ ಸರಿ ಇರುತ್ತದೆ ಅಂತಲೂ ಇಲ್ಲ. ರೂಗರ್ ಎಲ್‌ಸಿಪಿ ಅನ್ನುವ ಪಿಸ್ತೂಲು 2008ರಲ್ಲಿ ಬಂತು, ಅದೇ ವರ್ಷ ಕಂಪನಿ ವಾಪಸ್ ಕರೆಸಿತು, ಬಿದ್ದರೆ ಹಾರಬಹುದು ಅಂತ. ಸಿಗ್ ಪಿ320ಗೂ 2017ರಲ್ಲಿ ಹಾಗೇ ಆಯಿತು. ಕಂಪನಿ ಅದಕ್ಕೆ ಇಟ್ಟ ಹೆಸರೇ "ಅಪ್‌ಗ್ರೇಡ್". ಟ್ರಿಗರ್ ಭಾಗಗಳನ್ನು ಪುಕ್ಕಟೆ ಬದಲಿಸಿ ಕೊಟ್ಟರು. ವ್ಯತ್ಯಾಸ ಇರುವುದು ಅಲ್ಲೇ. ತಪ್ಪಾದರೆ ಬದಲಿಸಿ ಕೊಡಲು ಅಲ್ಲಿ ಒಂದು ಬಾಗಿಲಿದೆ. ನಿಮ್ಮ ಪಿಸ್ತೂಲಿನ ಕಂಪನಿಗೆ ಬಾಗಿಲು ತಟ್ಟಲು ಹೋದರೆ ಬಾಗಿಲೇ ಇಲ್ಲ.

ಎಚ್‌ಒನ್‌ಬಿ ಹುಡುಗ (ಷಾರ್ಲಟ್)

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಾನು ಎಚ್-1ಬಿ ಮೇಲಿದ್ದೇನೆ. ಬೆಣ್ಣೆದೋಸೆ ಅಣ್ಣ ಮಾರುವುದಾದರೆ ನಾನು ತಗೊಳ್ಳಬಹುದಾ? ರೇಂಜಿಗೆ ಮಾತ್ರ.

ಹಳೇ ಫೈಲು (ಶಿಕಾಗೋ)

ತಮ್ಮಾ, ಕೈ ಹಾಕಬೇಡ. ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು, ಗುಂಡು ಎರಡನ್ನೂ ಇಟ್ಟುಕೊಳ್ಳುವಂತಿಲ್ಲ ಅಂತ ಕೇಂದ್ರ ಕಾನೂನಿದೆ. ವಿನಾಯಿತಿಗಳಿವೆ. ಜನ ಸಾಮಾನ್ಯವಾಗಿ ಬಳಸುವುದು ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಅದಿಲ್ಲದೆ ಹೋದರೆ ಅಪರಾಧ, ವೀಸಾನೂ ಹೋಗುತ್ತದೆ. ಇನ್ನು ನೀನು ಇರುವುದು ಒಂದು ರಾಜ್ಯ, ಅವರು ಇನ್ನೊಂದು. ರಾಜ್ಯ ದಾಟಿ ಮಾರಬೇಕಾದರೆ ಲೈಸೆನ್ಸ್ ಇರುವ ಡೀಲರ್ ಮೂಲಕವೇ ಹೋಗಬೇಕು. ಮೊದಲು ವಕೀಲರನ್ನು ಕೇಳು. ಇಲ್ಲಿ ನಮ್ಮನ್ನಲ್ಲ.

ಕೋವಿತೋಟ (ಸೋಮವಾರಪೇಟೆ)

ನಿಮ್ಮ ಮಾತೆಲ್ಲ ಓದಿ ಹೊಟ್ಟೆ ಉರಿಯುತ್ತದೆ. 110 ಡಾಲರ್‌ಗೆ ಪಿಸ್ತೂಲಂತೆ! ಗಿರವಿ ಅಂಗಡಿಯಲ್ಲಂತೆ!

ನಮ್ಮಲ್ಲಿ ಕತೆ ಕೇಳಿ. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ನಿರ್ಭೀಕ್ ಅಂತ ಒಂದು .32 ರಿವಾಲ್ವರ್ ತಂದಿತು. ಹೆಂಗಸರ ಹ್ಯಾಂಡ್‌ಬ್ಯಾಗಿಗೆ ಸರಿಯಾಗಲಿ ಅಂತ 500 ಗ್ರಾಂ ತೂಕ. ಬೆಲೆ 1,22,360 ರೂಪಾಯಿ. ಅದೂ ಹನ್ನೆರಡು ವರ್ಷದ ಹಿಂದಿನ ಮಾತು, ಹತ್ತಿರ ಹತ್ತಿರ. 9 ಎಂಎಂ ನಮಗೆ ನಿಷೇಧಿತ ಬೋರ್ (ನಳಿಗೆಯ ಅಳತೆ), ಕನಸಲ್ಲೂ ಇಲ್ಲ. ಲೈಸೆನ್ಸಿಗೆ ಅಲೆದ ಚಪ್ಪಲಿ ಲೆಕ್ಕ ಬೇರೆ.

ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ (ವಂಶಪಾರಂಪರ್ಯ ಜಮೀನಿನವರು) ಲೈಸೆನ್ಸ್ ವಿನಾಯಿತಿ ಇದೆ, ಬ್ರಿಟಿಷರ ಕಾಲದಿಂದ.  ನಮ್ಮನೆಯಲ್ಲಿ ಅಜ್ಜನ ಕಾಲದ ಜೋಡಿ ನಳಿಗೆ ತೋಟಾ ಕೋವಿ ಇದೆ. ಕೈಲ್ ಮುಹೂರ್ತ ಹಬ್ಬದ ದಿನ ತೊಳೆದು, ಒರೆಸಿ, ತೋಕ್ ಪೂ ಹೂವು ಇಟ್ಟು ಪೂಜೆ ಮಾಡುತ್ತೇವೆ. ಆಮೇಲೆ ಊರಿನ ಮೈದಾನದಲ್ಲಿ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಆ ಕೋವಿಗೆ ಇವತ್ತಿನವರೆಗೆ ಹೊಸದಾಗಿ ಹಾಕಿಸಿದ್ದು ಏನು ಅಂದರೆ ಒಂದು ಚರ್ಮದ ಪಟ್ಟಿ. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸುವ ಮಾತು ಏಳುತ್ತದೆ, ಊರಲ್ಲಿ ಗಲಾಟೆಯೂ ಏಳುತ್ತದೆ. ಅದು ಬೇರೆ ಕತೆ.

ಇನ್ನು ಇಲ್ಲಿ ನೀವು ಹೇಳುವ ಹಾಗೆ ಅಡುಗೆಮನೆ ಮೇಜಿನ ಮೇಲೆ ಸ್ಪ್ರಿಂಗು ಬದಲಿಸುವ ಧೈರ್ಯ ಯಾರೂ ಮಾಡುವುದಿಲ್ಲ. 1959ರ ಆರ್ಮ್ಸ್ ಆಕ್ಟ್ ಪ್ರಕಾರ ರಿಪೇರಿ, ಮಾರ್ಪಾಡು ಮಾಡಿಕೊಡುವವರಿಗೆ ಲೈಸೆನ್ಸ್ ಇರಬೇಕು. ಕೋವಿ ಅಂಗಡಿಗೇ ಹೋಗಬೇಕು. ನನಗೆ ಅದೇ ಒಳ್ಳೆಯದು ಅನಿಸುತ್ತದೆ. ಮೊನ್ನೆ ನಮ್ಮ ಕೋವಿಯ ಒಂದು ಕುದುರೆಯ (ಟ್ರಿಗರ್ ಎಳೆದಾಗ ಬಡಿಯುವ ಕೊಕ್ಕೆ) ಸ್ಪ್ರಿಂಗು ಸೋತಿತ್ತು. ಅಂಗಡಿಯ ಮುದುಕ ಬಿಚ್ಚಿ ನೋಡಿ "ಇದು ಇನ್ನೂ ಮೂವತ್ತು ವರ್ಷ ಬಾಳುವ ಉಕ್ಕು, ಸ್ಪ್ರಿಂಗು ಹಾಕೋಣ" ಅಂದ. ಉಕ್ಕು ನೋಡಿ ಆಮೇಲೆ ಸ್ಪ್ರಿಂಗಿನ ಮಾತು. ನಿಮ್ಮ ಗನ್‌ಸ್ಮಿತ್ ಹತ್ತಿರ ಕೇಳಿದಿರಾ?

ಬೆಣ್ಣೆದೋಸೆ (ಡೇಟನ್, ಒಹಾಯೋ)

ಕೇಳಿದೆ. ಇವತ್ತು ಮಧ್ಯಾಹ್ನ ಫೋನ್ ಮಾಡಿದೆ. ಪಿಸ್ತೂಲಿನ ಹೆಸರು ಹೇಳಿದ ತಕ್ಷಣ ಆಯಪ್ಪ ನಕ್ಕ. "ಇದಕ್ಕೆ ನಾನು ಕೈ ಹಾಕುವುದಿಲ್ಲ, ಸರಿ ಮಾಡಿಕೊಟ್ಟ ಮೇಲೆ ಏನಾದರೂ ಆದರೆ ನನ್ನ ಹೆಸರು ಬರುತ್ತದೆ" ಅಂದ. ಹಾಗಾಗಿ 90 ಡಾಲರ್ ಉಳಿಯಿತು. ಸೈಟಿನ 60 ಮಂಜಣ್ಣ ಉಳಿಸಿದರು. ಗ್ರಿಪ್ 30 ಬಿಟ್ಟೆ. ಸ್ಪ್ರಿಂಗು, ಪಿನ್ನು, ಒಂದು ಮ್ಯಾಗಝಿನ್ ಮಾತ್ರ ತರಿಸುತ್ತಿದ್ದೇನೆ. 50 ಡಾಲರ್.

ಸುಮ್ನೆ ಓದೋನು (ಡಲ್ಲಾಸ್)

ಈಗ ನಾನೂ ಸೀರಿಯಸ್ ಆಗಿ ಒಂದು ಮಾತು ಹೇಳುತ್ತೇನೆ. ಆ 50 ಕೂಡ ಯಾಕೆ? 110 ಪ್ಲಸ್ 255 ಅಂದರೆ 365. ಆ ದುಡ್ಡಿಗೆ ಪೊಲೀಸರು ಬಳಸಿ ಬಿಟ್ಟ ಗ್ಲಾಕ್ ಸಿಗುತ್ತದೆ. ಇಲಾಖೆಯವರು ಹೊಸದು ತಗೊಂಡಾಗ ಹಳೆಯದನ್ನು ಡೀಲರ್‌ಗೆ ಕೊಡುತ್ತಾರೆ. ಹೊರಗೆ ಹೋಲ್‌ಸ್ಟರ್ ಉಜ್ಜಿ ಬಣ್ಣ ಹೋಗಿರುತ್ತದೆ, ಒಳಗೆ ಅಷ್ಟೇನೂ ಸವೆದಿರುವುದಿಲ್ಲ. ಹೊಸದೇ ಬೇಕು ಅಂದರೆ ಟಾರಸ್ ಜಿ3ಸಿ ನಮ್ಮ ಕಡೆ 300ರ ಒಳಗೆ ಬರುತ್ತದೆ.

ಕಾಸಿಗೆ ತಕ್ಕ (ಇಂಡಿಯಾನಾ)

ಓದೋನು, ಎಲ್ಲರ ಜೇಬಲ್ಲೂ 365 ಒಟ್ಟಿಗೆ ಇರುವುದಿಲ್ಲ. ನಾನು ಸಿ9 ತಗೊಂಡಾಗ ಕೆಲಸ ಹೋಗಿ ನಾಲ್ಕು ತಿಂಗಳಾಗಿತ್ತು. ರಾತ್ರಿ ಪಾಳಿಯಲ್ಲಿ ಪೆಟ್ರೋಲ್ ಬಂಕಿನ ಗಲ್ಲೆ ಮೇಲೆ ಕೂರುತ್ತಿದ್ದೆ. ಅಗ್ಗದ್ದು ತಗೊಳ್ಳುವವರನ್ನು ನೋಡಿ ನಗುವುದು ಸುಲಭ. "ಬಡವರಿಗೆ ಬಂದೂಕು ಬೇಡ" ಅನ್ನುವುದನ್ನೇ ಸುತ್ತಿ ಬಳಸಿ ಹೇಳಿದ ಹಾಗೆ ನನಗೆ ಕೇಳಿಸುತ್ತದೆ, ಆ ಕರಗುವ ಶಾಖದ ಕಾನೂನು ಕೂಡ.

ಹಳೇ ಫೈಲು (ಶಿಕಾಗೋ)

ಆ ಮಾತು ಪೂರ್ತಿ ತಳ್ಳಿಹಾಕುವ ಹಾಗಿಲ್ಲ. ಇಂಥ ಪಿಸ್ತೂಲಿಗೆ "ಶನಿವಾರ ರಾತ್ರಿಯ ಮಾಲು" ಅಂತ ಇಟ್ಟ ಹೆಸರಲ್ಲೇ ಬಡವರ, ಕರಿಯರ ಕೇರಿಗಳ ಮೇಲಿನ ತಾತ್ಸಾರ ಇದೆ ಅಂತ ವಾದಿಸುವವರು ಮೊದಲಿಂದಲೂ ಇದ್ದಾರೆ. ಆದರೆ ಬಡವನ ಮಗುವಿನ ಕೈಯಲ್ಲೂ ಅದು ಹಾರಬಾರದು ತಾನೇ? ಅಗ್ಗ ಬೇರೆ, ಅರೆಬರೆ ಬೇರೆ. ನಿಮ್ಮ ಸಿ9 ಅಗ್ಗ. ಹಿಂದೆ ನಿಲ್ಲುವ ಕಂಪನಿ ಇದೆ. ಬೆಣ್ಣೆದೋಸೆ ಅವರದು ಅರೆಬರೆ.

ಕಾಸಿಗೆ ತಕ್ಕ (ಇಂಡಿಯಾನಾ)

ಅದಕ್ಕೆ ಒಪ್ಪಿದೆ.

ಲೇತ್ ಮಂಜ (ಮಿಷಿಗನ್)

ಬೆಣ್ಣೆದೋಸೆ ಅವರೇ, ಸ್ಪ್ರಿಂಗು ಬರುವ ಮೊದಲು ಒಂದು ಕೆಲಸ. ಪಿಸ್ತೂಲು ಖಾಲಿ ಇದೆ ಅಂತ ಎರಡು ಸಲ ನೋಡಿ, ಬಿಚ್ಚಿ. ಸ್ಲೈಡನ್ನು ಸೀಮೆಎಣ್ಣೆ ಥರದ್ದರಲ್ಲಿ ತೊಳೆದು ಒಣಗಿಸಿ. ಬಿಸಿಲಲ್ಲಿ ಭೂತಗನ್ನಡಿ ಹಿಡಿದು ಕೇಸ್ ಹೊರಬರುವ ಕಿಂಡಿಯ ಮೂಲೆಗಳನ್ನು ನೋಡಿ. ಚೂಪು ಮೂಲೆ ಇರುವಲ್ಲಿ ಎರಕ ಮೊದಲು ಸೋಲುತ್ತದೆ. ಕ್ರೋಮ್ ಲೇಪನದ ಮೇಲೆ ಕೂದಲಿನಂಥ ಗೆರೆ ಇದ್ದರೆ ಉಗುರು ಎಳೆಯಿರಿ. ಉಗುರಿಗೆ ತಡೆದರೆ ಅದು ಗೀರು ಅಲ್ಲ.

ರೇಂಜ್ ಅಕ್ಕ (ಹ್ಯೂಸ್ಟನ್)

ಬಿರುಕು ಸಿಕ್ಕರೆ ಒಂದೂ ಗುಂಡು ಹೊಡೆಯಬೇಡಿ. "ಇದೊಂದು ಸಲ" ಅನ್ನುವ ಮಾತೇ ಬೇಡ. ಬ್ಲೋಬ್ಯಾಕಿನಲ್ಲಿ ಸ್ಲೈಡ್ ಮುರಿದರೆ ಅದು ಹೋಗುವುದು ನಿಮ್ಮ ಮುಖದ ಕಡೆಗೆ.

ಬೆಣ್ಣೆದೋಸೆ (ಡೇಟನ್, ಒಹಾಯೋ)

ಹತ್ತು ದಿನ ಆಯಿತು. ವರದಿ ಒಪ್ಪಿಸುತ್ತೇನೆ.

ಮಂಜಣ್ಣ ಹೇಳಿದ ಹಾಗೆ ಮೊದಲು ತೊಳೆದು ನೋಡಿದೆ. ಮಗಳ ಶಾಲೆಯ ಭೂತಗನ್ನಡಿ. ಆಗ ಏನೂ ಕಾಣಲಿಲ್ಲ. ಸ್ಪ್ರಿಂಗು, ಪಿನ್ನು ಹಾಕಿದೆ, ಹೊಸ ಮ್ಯಾಗಝಿನ್ ತಗೊಂಡು ರೇಂಜಿಗೆ ಹೋದೆ. ಅಕ್ಕನ ಮಾತಿನಂತೆ ನೋಟ್‌ಬುಕ್ಕೂ ತಗೊಂಡು ಹೋಗಿದ್ದೆ. ಪಕ್ಕದ ಲೇನಿನ ಅಜ್ಜ "ಏನು ಹೋಂವರ್ಕಾ?" ಅಂತ ಕೇಳಿದರು.

ಮೊದಲ 50ರಲ್ಲಿ ಒಂದೇ ಒಂದು ಸಲ ಸಿಕ್ಕಿಕೊಂಡಿತು. ಖುಷಿಯಾಯಿತು. ನಿಜ ಹೇಳಬೇಕೆಂದರೆ ಮನಸ್ಸಲ್ಲೇ ನಿಮಗೆಲ್ಲ ಉತ್ತರ ಬರೆಯಲು ಶುರು ಮಾಡಿದ್ದೆ, "50 ಡಾಲರ್‌ಗೆ ಸರಿಹೋಯಿತು ನೋಡಿ" ಅಂತ. ಎರಡನೇ 50ರಲ್ಲಿ ನಾಲ್ಕು ಸಲ. ಮೂರನೇ ಡಬ್ಬಿಯ ಹನ್ನೊಂದನೇ ಗುಂಡಿಗೆ ಸ್ಲೈಡ್ ಪೂರ್ತಿ ಮುಂದೆ ಬರಲಿಲ್ಲ. ನಿಲ್ಲಿಸಿದೆ. ಅಲ್ಲಿಗೆ 111.

ಮನೆಗೆ ಬಂದು ಮತ್ತೆ ತೊಳೆದೆ. ಕಿಂಡಿಯ ಹಿಂದಿನ ಮೂಲೆಯಲ್ಲಿ ಗೆರೆ. ಉಗುರು ಎಳೆದೆ. ತಡೆಯಿತು.

ಮಾರುವ ಯೋಚನೆ ಬಂತು, ಸುಳ್ಳು ಹೇಳುವುದಿಲ್ಲ. ಆ ಗಿರವಿ ಅಂಗಡಿಯವನೇ 40 ಕೊಡುತ್ತೇನೆ ಅಂದ. ಬಿರುಕಿನ ವಿಷಯ ಹೇಳಿದೆ. "ಅದೇನು ಯಾರಿಗೂ ಕಾಣಲ್ಲ" ಅಂದ. ನನಗೆ ಮಾರಿದವನಿಗೂ ಹೀಗೇ ಯಾರೋ ಹೇಳಿರಬೇಕು ಅನಿಸಿತು. ವಾಪಸ್ ತಂದೆ. ಊರಿನ ಪೊಲೀಸ್ ಠಾಣೆಗೆ ಫೋನ್ ಮಾಡಿ ಕೇಳಿದೆ, ನಾಶ ಮಾಡಲು ತಗೊಳ್ಳುತ್ತಾರಂತೆ. ಠಾಣೆಗೆ ನೇರ ಹಿಡಿದುಕೊಂಡು ಒಳಗೆ ಬರಬೇಡಿ, ಕಾರಲ್ಲೇ ಬಿಟ್ಟು ಬಂದು ಹೇಳಿ, ನಮ್ಮವರೇ ಬಂದು ತಗೊಳ್ಳುತ್ತಾರೆ ಅಂದರು. ಶುಕ್ರವಾರ ಹೋಗುತ್ತೇನೆ.

ಹೆಂಡತಿ ಕೇಳಿದಳು, ಒಟ್ಟು ಎಷ್ಟಾಯಿತು ಅಂತ. ಪಿಸ್ತೂಲು 110, ಸಾಮಾನು 50, ಗುಂಡು ಮೂರು ಡಬ್ಬಿ 60. 220. ಅವಳು ಏನೂ ಅನ್ನಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ಕೋವಿತೋಟ (ಸೋಮವಾರಪೇಟೆ)

ಹೋಗಲಿ ಬಿಡಿ. ಕೈ, ಕಣ್ಣು ಎರಡೂ ಉಳಿದವಲ್ಲ.

ಸುಮ್ನೆ ಓದೋನು (ಡಲ್ಲಾಸ್)

39 ಗುಂಡು ಉಳಿದಿದೆ ನಿಮ್ಮ ಹತ್ತಿರ. ಮುಂದಿನದೂ .380 ತಗೊಳ್ಳಿ, ದಂಡ ಆಗಬಾರದು.

ರೇಂಜ್ ಅಕ್ಕ (ಹ್ಯೂಸ್ಟನ್)

ಅವನ ಮಾತು ಕೇಳಬೇಡಿ. 9 ಎಂಎಂ ತಗೊಳ್ಳಿ, ಗುಂಡು ಅಗ್ಗ. ತಗೊಳ್ಳುವ ಮೊದಲು ಅದೇ ಮಾದರಿಯನ್ನು ರೇಂಜಲ್ಲಿ ಬಾಡಿಗೆಗೆ ಹಿಡಿದು 100 ಹೊಡೆದು ನೋಡಿ. ನೋಟ್‌ಬುಕ್ ಬಿಸಾಡಬೇಡಿ.

ಲೇತ್ ಮಂಜ (ಮಿಷಿಗನ್)

ಶುಕ್ರವಾರ ಕೊಡುವ ಮೊದಲು ಆ ಬಿರುಕಿನ ಫೋಟೋ ಒಂದು ಹಾಕಿ. ಪಕ್ಕದಲ್ಲಿ ಒಂದು ಸೆಂಟ್ ನಾಣ್ಯ ಇಡಿ, ಅಳತೆ ಗೊತ್ತಾಗಲಿ. 1982ರ ನಂತರದ ಆ ನಾಣ್ಯದ ಒಳಗಿರುವುದೂ ಸತುವೇ.